ಲಕ್ಷದ್ವೀಪಕ್ಕೆ ಹೊರಡುವ ಮುನ್ನ: ಏನು ಕಟ್ಟಿಕೊಳ್ಳಬೇಕು, ಏನು ಬಿಟ್ಟುಹೋಗಬೇಕು



ಕಳೆದ ಜನವರಿಯಲ್ಲಿ ನಮ್ಮ ಸಂಘದ ಹದಿನೆಂಟು ಮಂದಿ ಲಕ್ಷದ್ವೀಪದ ಕಡಮತ್ ದ್ವೀಪಕ್ಕೆ ಹೋಗಬೇಕಿತ್ತು. ಹಡಗು ಹತ್ತಿದವರು ಹದಿನಾರು ಮಂದಿ. ಉಳಿದ ಇಬ್ಬರು ಅಕ್ಕಲಕೋಟೆ ಕಡೆಯ ಹಿರಿಯ ದಂಪತಿ. ಅಷ್ಟು ದೂರದಿಂದ ರೈಲಿನಲ್ಲಿ ಕೊಚ್ಚಿಯವರೆಗೆ ಬಂದವರು, ಬಂದರಿನ ತಪಾಸಣೆಯ ಮೇಜಿನಿಂದಲೇ ಹಿಂದಿರುಗಬೇಕಾಯಿತು. ಅವರ ಆಧಾರ್ ಕಾರ್ಡಿನಲ್ಲಿದ್ದ ಹೆಸರು ಒಂದು, ಪ್ರವೇಶ ಪರವಾನಗಿಯಲ್ಲಿದ್ದ ಹೆಸರು ಇನ್ನೊಂದು. ತಪ್ಪು ಅವರದಲ್ಲ, ನಮ್ಮದು. ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರು ಕನ್ನಡದಲ್ಲಿ ಬರೆದು ಕಳಿಸಿದ ಹೆಸರನ್ನು ನಾವೇ ನಮಗೆ ತೋಚಿದ ಹಾಗೆ ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ ಅರ್ಜಿ ತುಂಬಿದ್ದೆವು.

ಈ ವರ್ಷ ಮತ್ತೆ ಹೋಗೋಣ ಎಂಬ ಮಾತು ಕಾಸರಗೋಡು, ಹೊಸೂರು, ಆದೋನಿ, ಸೊಲ್ಲಾಪುರ ನಾಲ್ಕೂ ಕಡೆಯ ಸದಸ್ಯರಿಂದ ಬಂದಿದೆ. ಹೆಸರು ನೋಂದಾಯಿಸುವ ಮೊದಲು ಎಲ್ಲರೂ ಓದಿಕೊಳ್ಳಲಿ ಎಂದು ಈ ಬರಹ. ಕಳೆದ ಸಲ ನಾವು ಕಲಿತ ಪಾಠ ಇಷ್ಟೇ: ದ್ವೀಪದಲ್ಲಿ "ಅಲ್ಲೇ ನೋಡಿಕೊಂಡರಾಯಿತು" ಎನ್ನುವ ಮಾತು ನಡೆಯುವುದಿಲ್ಲ. ಮರೆತ ಔಷಧಿ ತರಲು ಮೂಲೆಯ ಅಂಗಡಿ ಇರುವುದಿಲ್ಲ, ತಪ್ಪಿದ ಕಾಗದ ತಿದ್ದಲು ಕಚೇರಿ ಇರುವುದಿಲ್ಲ, ಇವತ್ತಿನ ಹಡಗು ತಪ್ಪಿದರೆ ನಾಳೆಯ ಬಸ್ಸು ಇರುವುದಿಲ್ಲ. ಆದ್ದರಿಂದ ಹೊರಡುವ ಮೊದಲಿನ ಕೆಲಸ ಹೆಚ್ಚು, ಹೋದ ಮೇಲಿನ ಕೆಲಸ ಕಡಿಮೆ ಇರಬೇಕು.

ಈ ದ್ವೀಪಗಳು ನಮಗೆ ಪರಕೀಯವಲ್ಲ

ಲಕ್ಷದ್ವೀಪ ಅಂದರೆ ಅರಬ್ಬಿ ಸಮುದ್ರದಲ್ಲಿ, ಕೇರಳ ತೀರದಿಂದ ಸುಮಾರು 220ರಿಂದ 440 ಕಿಲೋಮೀಟರ್ ಆಚೆಗೆ ಚದುರಿರುವ ಹವಳದ ದ್ವೀಪಗಳು. ಒಟ್ಟು 36 ಎಂದು ಲೆಕ್ಕ. ಜನವಸತಿ ಇರುವುದು 10ರಲ್ಲಿ ಮಾತ್ರ. ಎಲ್ಲ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 64,473. ರಾಜಧಾನಿ ಕವರತ್ತಿ. ಮಿನಿಕಾಯ್ ಬಿಟ್ಟು ಉಳಿದೆಡೆ ಆಡುವುದು ಜೆಸರಿ ಎಂಬ ಮಲಯಾಳಂ ಬಗೆ. ಮಿನಿಕಾಯ್‌ನಲ್ಲಿ ಮಾಲ್ಡೀವ್ಸ್‌ನ ಭಾಷೆಗೆ ಸೇರಿದ ಮಹಲ್.

ನಮ್ಮ ಸದಸ್ಯರಲ್ಲಿ ಅನೇಕರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ದ್ವೀಪಗಳಿಗೆ ಅಮಿನಿದಿವಿ ಗುಂಪು ಎಂದು ಹೆಸರು. 18ನೆಯ ಶತಮಾನದ ಕೊನೆಯಲ್ಲಿ ಈ ಗುಂಪು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಮಂಗಳೂರಿನ ಕಲೆಕ್ಟರರ ಅಧೀನಕ್ಕೆ ಬಂತು. ಮುಂದೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಉಳಿಯಿತು. ದ್ವೀಪದವರು ಓಡಂ ಎಂಬ ಹಾಯಿದೋಣಿಯಲ್ಲಿ ತೆಂಗಿನ ನಾರಿನ ಹುರಿ ತಂದು ಮಂಗಳೂರಿನಲ್ಲಿ ಕೊಟ್ಟು, ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ಈ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ಅಂದರೆ ಕಾಸರಗೋಡಿನವರೂ ಕಡಮತ್‌ನವರೂ ಒಂದು ಕಾಲದಲ್ಲಿ ಒಂದೇ ಜಿಲ್ಲೆಯವರು, ಒಂದೇ ದಿನ ಆ ಜಿಲ್ಲೆಯಿಂದ ಬೇರೆಯಾದವರು.

ಕಡಮತ್‌ನಲ್ಲಿ ನಮ್ಮ ತಂಡ ಮಾತಾಡಿಸಿದ ಒಬ್ಬ ವೃದ್ಧರಿಗೆ "ಕಾಸರಗೋಡು" ಅಂದಾಗ ವಿಶೇಷವೇನೂ ಅನಿಸಲಿಲ್ಲ. "ಮಂಗಳಾಪುರದ ಹತ್ತಿರ" ಅಂದಾಗ ಮುಖ ಅರಳಿತು. ಅವರ ಅಜ್ಜ ಹುರಿಯ ಕಟ್ಟು ಹೊತ್ತು ಮಂಗಳೂರಿನ ಹಳೆ ಬಂದರಿಗೆ ಬರುತ್ತಿದ್ದರಂತೆ. ಮಳೆಗಾಲದಲ್ಲಿ ಮನೆಯಲ್ಲಿ ಉಣ್ಣುತ್ತಿದ್ದ ಅಕ್ಕಿ ಅಲ್ಲಿಯದೇ ಅಂತೆ. ಪ್ರವಾಸದ ಪಟ್ಟಿಯಲ್ಲಿ ಇಂಥ ಮಾತುಕತೆಗೂ ಒಂದು ಗಂಟೆ ಇರಲಿ ಎಂಬ ಕಾರಣಕ್ಕೆ ಇದನ್ನು ಮೊದಲೇ ಹೇಳಿದ್ದೇವೆ.

ಮೊದಲು ಕಾಗದ

ಲಕ್ಷದ್ವೀಪಕ್ಕೆ ಹೋಗಲು ಭಾರತದ ಪ್ರಜೆಗಳಿಗೂ ಪ್ರವೇಶ ಪರವಾನಗಿ ಬೇಕು. ಸ್ಥಳೀಯರು ಪರಿಶಿಷ್ಟ ಪಂಗಡದವರು, ನೆಲ ತೀರಾ ಕಡಿಮೆ. ಅವರ ಬದುಕಿಗೆ ಧಕ್ಕೆಯಾಗದಂತೆ 1967ರ ನಿಯಮಗಳಡಿ ಈ ವ್ಯವಸ್ಥೆ ನಡೆದುಬಂದಿದೆ. ಆಡಳಿತದ ಪ್ರವಾಸೋದ್ಯಮ ಸಂಸ್ಥೆಯಾದ ‘ಸ್ಪೋರ್ಟ್ಸ್’ ಮೂಲಕ ಅಥವಾ ಅನುಮತಿ ಪಡೆದ ಪ್ರವಾಸ ಸಂಸ್ಥೆಯ ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಪರವಾನಗಿಯ ಕೆಲಸವನ್ನು ಅವರೇ ನೋಡಿಕೊಳ್ಳುತ್ತಾರೆ. ಆದರೆ ಅವರಿಗೆ ಕೊಡುವ ವಿವರ ಸರಿಯಾಗಿರಬೇಕಾದ್ದು ನಮ್ಮ ಹೊಣೆ.

ಗಡಿಯಲ್ಲಿ ಇರುವ ನಮಗೆ ಇಲ್ಲೊಂದು ವಿಶೇಷ ತೊಡಕಿದೆ. ಮಹಾರಾಷ್ಟ್ರದ ದಾಖಲೆಯಲ್ಲಿ ನಮ್ಮ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು, ಮೂರೂ ಸೇರಿ ಬರುತ್ತವೆ. ತಮಿಳುನಾಡಿನಲ್ಲಿ ಮೊದಲಿಗೆ ತಂದೆಯ ಹೆಸರಿನ ಒಂದಕ್ಷರ, ಆಮೇಲೆ ನಮ್ಮ ಹೆಸರು. ಆಂಧ್ರದಲ್ಲಿ ಮನೆತನದ ಹೆಸರು ಮುಂದೆ. ಕೇರಳದಲ್ಲಿ ಒಂದಕ್ಷರ ಕೆಲವರಿಗೆ ಮುಂದೆ, ಕೆಲವರಿಗೆ ಹಿಂದೆ. ಕನ್ನಡದಲ್ಲಿ ಬಸಪ್ಪ ಆಗಿರುವವರು ಅಲ್ಲಿಯ ಕಾಗದದಲ್ಲಿ ಬಸಾಪ್ಪಾ ಆಗಿರುತ್ತಾರೆ. ಲಕ್ಷ್ಮಮ್ಮ ಇನ್ನೊಂದು ಕಡೆ ಲಕ್ಷುಮಮ್ಮ ಆಗಿರುತ್ತಾರೆ. ಮತದಾರರ ಚೀಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪಡಿತರ ಚೀಟಿಯಲ್ಲಿ ಮತ್ತೊಂದು. ಊರಲ್ಲಿ ನಾವು ಇದರ ಜೊತೆ ಹೇಗೋ ಹೊಂದಿಕೊಂಡು ಬದುಕಿದ್ದೇವೆ. ಬಂದರಿನಲ್ಲಿ ಆ ಹೊಂದಾಣಿಕೆ ನಡೆಯುವುದಿಲ್ಲ.

ಆದ್ದರಿಂದ ಈ ಸಲ ನಾವು ಪಾಲಿಸುವ ಕ್ರಮ ಹೀಗಿದೆ:

- ಪ್ರತಿಯೊಬ್ಬರೂ ಒಂದೇ ಗುರುತಿನ ಚೀಟಿಯನ್ನು ಆರಿಸಿಕೊಳ್ಳಬೇಕು. ಅರ್ಜಿ, ಟಿಕೆಟ್, ಪರವಾನಗಿ, ವಸತಿ ಎಲ್ಲಕ್ಕೂ ಅದೇ ಚೀಟಿ.
- ಹೆಸರನ್ನು ಬರೆದು ಕಳಿಸಬೇಡಿ; ಚೀಟಿಯ ಎರಡೂ ಬದಿಯ ಸ್ಪಷ್ಟ ಪ್ರತಿ ಕೊಡಿ. ಇಂಗ್ಲಿಷ್‌ನಲ್ಲಿ ಅಲ್ಲಿ ಹೇಗಿದೆಯೋ ಹಾಗೆಯೇ, ಒಂದಕ್ಷರವೂ ಬದಲಿಸದೆ, ತುಂಬಲಾಗುವುದು.
- ಪರವಾನಗಿಗೆ ಪೊಲೀಸ್ ದಾಖಲೆಯ ಪ್ರಮಾಣಪತ್ರ ಕೇಳಿದರೆ, ಅದನ್ನು ನೀವು ವಾಸವಿರುವ ರಾಜ್ಯದ ಪೊಲೀಸರಿಂದಲೇ ಪಡೆಯಬೇಕು. ನಾಲ್ಕು ರಾಜ್ಯಗಳಲ್ಲಿ ನಾಲ್ಕು ಬಗೆಯ ಅರ್ಜಿ. ಬೇಗ ಸಿಗುತ್ತದೆ ಎಂದು ನಂಬಬೇಡಿ. ಕನಿಷ್ಠ ಒಂದೂವರೆ ತಿಂಗಳು ಮುಂಚೆ ಶುರುಮಾಡಿ.
- ಪರವಾನಗಿ ಕೈಗೆ ಬಂದ ದಿನವೇ ಹೆಸರು, ವಯಸ್ಸು, ದ್ವೀಪದ ಹೆಸರು, ದಿನಾಂಕ ನಾಲ್ಕನ್ನೂ ಚೀಟಿಯ ಪಕ್ಕ ಇಟ್ಟು ಓದಿ. ಈ ಕೆಲಸವನ್ನು ಮನೆಯ ಇನ್ನೊಬ್ಬರಿಂದ ಮಾಡಿಸಿ. ನಮ್ಮ ಹೆಸರಿನ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ.
- ಮೂಲ ಚೀಟಿ, ಪರವಾನಗಿ, ಟಿಕೆಟ್ ಇವುಗಳ ಎರಡೆರಡು ಕಾಗದದ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಇರಲಿ. ಮೊಬೈಲ್ ನೀರಿಗೆ ಬಿದ್ದರೂ ಕಾಗದ ಉಳಿಯುತ್ತದೆ.

ಯಾವಾಗ, ಹೇಗೆ

ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಸೆಕೆ ಜಾಸ್ತಿ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಮುದ್ರ ಒರಟಾಗಿರುತ್ತದೆ, ಹಡಗಿನ ಸಂಚಾರವೂ ಕಡಿಮೆ. ಹಿರಿಯರು ಇರುವ ತಂಡಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ತನಕದ ಶಾಂತ ಸಮುದ್ರವೇ ವಾಸಿ.

ದಾರಿ ಎರಡು. ಒಂದು, ಕೊಚ್ಚಿಯಿಂದ ಹಡಗು. ದ್ವೀಪಕ್ಕೆ ತಕ್ಕಂತೆ 14ರಿಂದ 18 ಗಂಟೆಯ ಪ್ರಯಾಣ. ಇನ್ನೊಂದು, ಕೊಚ್ಚಿಯಿಂದ ಅಗತ್ತಿಗೆ ಸುಮಾರು ಒಂದೂವರೆ ಗಂಟೆಯ ವಿಮಾನ, ಅಲ್ಲಿಂದ ಬೇರೆ ದ್ವೀಪಗಳಿಗೆ ದೋಣಿ. ಬೆಂಗಳೂರಿನಿಂದಲೂ 2024ರಲ್ಲಿ ಅಗತ್ತಿಗೆ ವಿಮಾನ ಶುರುವಾಯಿತು. ವೇಳಾಪಟ್ಟಿ ಬದಲಾಗುತ್ತಿರುವುದರಿಂದ ಟಿಕೆಟ್ ಮಾಡಿಸುವ ಮುನ್ನ ನೋಡಿಕೊಳ್ಳಬೇಕು. ಅಗತ್ತಿಯ ರನ್‌ವೇ ಚಿಕ್ಕದು, ವಿಮಾನವೂ ಚಿಕ್ಕದು. ಟಿಕೆಟಿನ ಮೇಲೆ ಬರೆದ ತೂಕದ ಮಿತಿಯನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಯಾವ ದಾರಿಯಾದರೂ ಹಿಂದಿನ ದಿನವೇ ಕೊಚ್ಚಿ ಅಥವಾ ಬೆಂಗಳೂರು ತಲುಪಿರಿ. ಆದೋನಿ, ಸೊಲ್ಲಾಪುರ ಕಡೆಯ ರೈಲು ಆರು ಗಂಟೆ ತಡವಾದರೆ ಹಡಗು ಕಾಯುವುದಿಲ್ಲ. ಹಿಂದಿರುಗುವ ರೈಲಿಗೂ ಒಂದು ದಿನದ ಅಂತರ ಬಿಡಿ. ಸಮುದ್ರ ಕೆಟ್ಟರೆ ಹಡಗು ಹೊರಡುವ ಹೊತ್ತು ಮುಂದಕ್ಕೆ ಹೋಗುತ್ತದೆ, ಅದಕ್ಕೆ ಯಾರೂ ಏನೂ ಮಾಡಲಾಗದು.

ಇನ್ನೊಂದು ಮಾತನ್ನು ಮಂಡಿನೋವು ಇರುವವರು ಗಮನಿಸಿ ಓದಿರಿ. ಅನೇಕ ದ್ವೀಪಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಹವಳದ ದಿಬ್ಬದ ಆಚೆಗೆ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲಿನಿಂದ, ಅಲೆಯ ಮೇಲೆ ಏರಿಳಿಯುವ ಸಣ್ಣ ದೋಣಿಗೆ ಇಳಿಯಬೇಕು. ಸಿಬ್ಬಂದಿ ಎರಡೂ ತೋಳು ಹಿಡಿದು ಇಳಿಸುತ್ತಾರೆ. ಅವರು "ಈಗ" ಅಂದಾಗ ಹೆಜ್ಜೆ ಇಡಬೇಕು, ಅದಕ್ಕೆ ಮೊದಲೂ ಅಲ್ಲ, ಆಮೇಲೂ ಅಲ್ಲ. ಸೀರೆಯ ನೆರಿಗೆ ಕಾಲಿಗೆ ಸಿಗುತ್ತದೆ. ಆ ಒಂದು ಗಂಟೆಗೆ ಚೂಡಿದಾರ ಅಥವಾ ಪ್ಯಾಂಟು ಉತ್ತಮ. ಪಂಚೆ ಉಡುವವರಿಗೂ ಇದೇ ಮಾತು. ಕೈಯಲ್ಲಿ ಏನೂ ಇರಬಾರದು, ಹೆಗಲಿಗೆ ಒಂದು ಚೀಲ ಮಾತ್ರ. ನಮ್ಮ ತಂಡದ 71 ವರ್ಷದ ಅಮ್ಮನವರೊಬ್ಬರು ಇದನ್ನು ನಗುತ್ತಲೇ ದಾಟಿದರು. ನಲವತ್ತರ ಒಬ್ಬರು ಒಂದು ಕೈಯಲ್ಲಿ ಟ್ರಾಲಿ ಬ್ಯಾಗು ಹಿಡಿದು ತೊಂದರೆಪಟ್ಟರು.

ಎರಡು ಚೀಲ, ಒಂದು ನಿಯಮ

ನಿಯಮ ಇದು: ನಿಮ್ಮ ಸಾಮಾನನ್ನು ನೀವೇ ಹೊತ್ತು ಎರಡು ಮಹಡಿ ಮೆಟ್ಟಿಲು ಹತ್ತುವಂತಿರಬೇಕು. ಹತ್ತಲಾಗದಿದ್ದರೆ ಸಾಮಾನು ಹೆಚ್ಚಾಗಿದೆ ಎಂದರ್ಥ. ಹೊರಡುವ ಎರಡು ದಿನ ಮೊದಲು ಮನೆಯಲ್ಲೇ ಹತ್ತಿ ನೋಡಿ.

ಹೆಗಲ ಚೀಲ ಯಾವ ಕಾರಣಕ್ಕೂ ಮೈಯಿಂದ ದೂರವಾಗಬಾರದು. ಅದರಲ್ಲಿ ಇರಬೇಕಾದವು:

- ಕಾಗದಗಳು, ನಗದು. ಕವರತ್ತಿ, ಅಗತ್ತಿಯಂಥ ಕಡೆ ಎಟಿಎಂ ಇದ್ದರೂ ಅದನ್ನೇ ನಂಬಿ ಹೋಗಬೇಡಿ. ನೂರು, ಇನ್ನೂರರ ನೋಟು ಹೆಚ್ಚಿರಲಿ.
- ಎಲ್ಲ ಔಷಧಿ, ಪ್ರವಾಸದ ದಿನಗಳಿಗಿಂತ ನಾಲ್ಕು ದಿನ ಹೆಚ್ಚಿಗೆ. ವೈದ್ಯರ ಚೀಟಿ ಜೊತೆಗೆ.
- ಒಂದು ಜೊತೆ ಬಟ್ಟೆ, ಬೈರಾಸು, ನೀರಿನ ಬಾಟಲಿ, ಟಾರ್ಚ್, ಪವರ್ ಬ್ಯಾಂಕ್.
- ಕನ್ನಡಕ ಹಾಕುವವರು ಇನ್ನೊಂದು ಜೊತೆ ಕನ್ನಡಕ, ಕಟ್ಟಿಕೊಳ್ಳಲು ದಾರ. ದೋಣಿಯಲ್ಲಿ ಕನ್ನಡಕ ಬಿದ್ದರೆ ಸಮುದ್ರದ ಪಾಲು.

ಔಷಧಿಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮವರೊಬ್ಬರು ಇನ್ಸುಲಿನ್ ಅನ್ನು ದೊಡ್ಡ ಬ್ಯಾಗಿನಲ್ಲಿಟ್ಟಿದ್ದರು. ಜನ ಒಂದು ದೋಣಿಯಲ್ಲಿ, ಸಾಮಾನು ಇನ್ನೊಂದು ದೋಣಿಯಲ್ಲಿ ಬಂತು. ಅದು ಕೈಗೆ ಸಿಗುವಾಗ ಮಧ್ಯಾಹ್ನ ಕಳೆದಿತ್ತು. ಅಷ್ಟು ಹೊತ್ತು ಬಿಸಿಲಿನಲ್ಲಿತ್ತು. ಅದೃಷ್ಟಕ್ಕೆ ಇನ್ನೊಬ್ಬ ಸದಸ್ಯರ ಹತ್ತಿರ ಅದೇ ಬಗೆಯದು ಹೆಚ್ಚಿಗೆ ಇತ್ತು. ಕವರತ್ತಿ, ಅಗತ್ತಿಯಲ್ಲಿ ಆಸ್ಪತ್ರೆಗಳಿವೆ, ಉಳಿದೆಡೆ ಸಣ್ಣ ವ್ಯವಸ್ಥೆ. ದೊಡ್ಡ ತುರ್ತಿಗೆ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುವ ಪರಿಸ್ಥಿತಿ. ಹೃದಯದ ತೊಂದರೆ, ಹತೋಟಿಗೆ ಬಾರದ ಸಕ್ಕರೆ ಅಥವಾ ರಕ್ತದೊತ್ತಡ ಇರುವವರು ತಮ್ಮ ವೈದ್ಯರ ಒಪ್ಪಿಗೆ ಪಡೆದೇ ಹೆಸರು ಕೊಡಿ. ಇನ್ಸುಲಿನ್ ಅನ್ನು ತಂಪು ಚೀಲದಲ್ಲಿಡಿ. ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಅದು ಕೆಡುತ್ತದೆ.

ಕಡಲಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಒಣಶುಂಠಿ ಚೂರು ಬಾಯಲ್ಲಿರಲಿ, ಖಾಲಿ ಹೊಟ್ಟೆಯೂ ಬೇಡ, ಭರ್ತಿ ಹೊಟ್ಟೆಯೂ ಬೇಡ. ಹಡಗಿನ ನಡುಭಾಗದಲ್ಲಿ ತೂಗಾಟ ಕಡಿಮೆ. ಮೊಬೈಲ್ ನೋಡುತ್ತಾ ಕೂರುವ ಬದಲು ಮೇಲಿನ ಡೆಕ್ಕಿಗೆ ಬಂದು ದಿಗಂತ ನೋಡಿ.

ದೊಡ್ಡ ಚೀಲಕ್ಕೆ ಹೆಚ್ಚೇನೂ ಬೇಡ. ತೆಳು ಹತ್ತಿಯ ಬಟ್ಟೆ ನಾಲ್ಕು ಜೊತೆ ಸಾಕು, ಒಗೆದರೆ ಒಣಗುತ್ತದೆ. ನೀರಿಗೆ ಇಳಿಯಲು ತುಂಬುತೋಳಿನ, ಮೈಗೆ ಅಂಟುವ ಬಟ್ಟೆ. ಅದಿಲ್ಲದಿದ್ದರೆ ಹಳೆಯ ಟೀಶರ್ಟ್, ಲೆಗಿಂಗ್ಸ್. ಅಗಲ ಅಂಚಿನ ಟೋಪಿಗೆ ಗಾಳಿಗೆ ಹಾರದಂತೆ ಕಟ್ಟು. ಬಿಸಿಲಿಗೆ ಕ್ರೀಮಿಗಿಂತ ಬಟ್ಟೆ ವಾಸಿ: ಕೆಲವು ಕ್ರೀಮುಗಳ ರಾಸಾಯನಿಕ ಹವಳಕ್ಕೆ ಹಾನಿ ಎಂಬ ಕಾಳಜಿ ಇದೆ. ಹಚ್ಚಲೇಬೇಕಾದ ಮುಖ, ಕತ್ತಿಗೆ ಸತುವಿನ ಆಕ್ಸೈಡ್ ಇರುವ ಕ್ರೀಮು ತನ್ನಿ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಕಡ್ಡಾಯ. ಹವಳದ ಚೂರು ಅಂಗಾಲು ಕೊಯ್ಯುತ್ತದೆ, ಆ ಗಾಯ ಬೇಗ ಮಾಯುವುದಿಲ್ಲ.

ಬುತ್ತಿಯ ಚೀಲ

ದ್ವೀಪದಲ್ಲಿ ಸಿಗುವುದು ತೆಂಗು ಮತ್ತು ಮೀನು, ಅದರಲ್ಲೂ ಟ್ಯೂನಾ. ತರಕಾರಿ, ಅಕ್ಕಿ, ಬೇಳೆ ಬಹುಮಟ್ಟಿಗೆ ಹಡಗಿನಲ್ಲೇ ಬರಬೇಕು. ಮೀನು ತಿನ್ನುವವರಿಗೆ ಹಬ್ಬ. ಸಸ್ಯಾಹಾರಿಗಳಿಗೆ ಅನ್ನ, ಸಾರು, ಒಂದು ಪಲ್ಯ ಸಿಗುತ್ತದೆ, ಆಯ್ಕೆ ಕೇಳಬಾರದು. ಪ್ಯಾಕೇಜ್ ಮಾಡಿಸುವಾಗಲೇ ಸಸ್ಯಾಹಾರ ಎಂದು ಬರೆಸಿ.

ಬುತ್ತಿಯ ವಿಷಯದಲ್ಲಿ ಮಾತ್ರ ನಮ್ಮ ಸಂಘಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ಸೊಲ್ಲಾಪುರದವರ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಐದು ದಿನ ಕೆಡಲಿಲ್ಲ. ಹೊಸೂರಿನವರು ರಾಗಿ ಹುರಿಹಿಟ್ಟು ತಂದಿದ್ದರು. ಬಿಸಿನೀರು, ಬೆಲ್ಲ ಸಿಕ್ಕರೆ ಬೆಳಗಿನ ಉಪಾಹಾರ ಮುಗಿಯಿತು. ಆದೋನಿಯವರ ಮಂಡಕ್ಕಿ ಹಡಗಿನಲ್ಲೇ ಖಾಲಿ. ಕಾಸರಗೋಡಿನವರ ಅವಲಕ್ಕಿಗೆ ದ್ವೀಪದ ತೆಂಗಿನಕಾಯಿ ತುರಿದು ಬೆರೆಸಿದಾಗ ಅಲ್ಲಿಯ ಅಡುಗೆಯವರೂ ಕೈ ನೀಡಿದರು. ಯಾರು ಏನು ತರಬೇಕೆಂದು ಮೊದಲೇ ಹಂಚಿಕೊಂಡರೆ ಒಬ್ಬೊಬ್ಬರ ಹೊರೆ ಒಂದು ಕಿಲೋ ದಾಟುವುದಿಲ್ಲ. ಡಬ್ಬಿಯಲ್ಲಿ ತನ್ನಿ, ಪ್ಲಾಸ್ಟಿಕ್ ಪೊಟ್ಟಣದಲ್ಲಿ ಅಲ್ಲ. ದ್ವೀಪದಲ್ಲಿ ಬಿಟ್ಟ ಕಸ ಹೋಗಲು ಬೇರೆ ಜಾಗವಿಲ್ಲ. ಖಾಲಿ ಕವರು, ಬ್ಯಾಟರಿ ಎಲ್ಲವನ್ನೂ ವಾಪಸು ತರುವುದು ನಮ್ಮ ನಿಯಮ.

ದಿನ ಹೇಗೆ ಕಳೆಯುವುದು

ಕಡಮತ್ ಸುಮಾರು ಒಂಬತ್ತು ಕಿಲೋಮೀಟರ್ ಉದ್ದ, ಅಗಲ ಎಲ್ಲೂ ಒಂದು ಕಿಲೋಮೀಟರ್ ಇಲ್ಲ. ಪಶ್ಚಿಮಕ್ಕೆ ಹವಳದ ದಿಬ್ಬ ಗೋಡೆಯಂತೆ ನಿಂತು, ಅದರ ಒಳಗೆ ಕೆರೆಯಂತೆ ಶಾಂತವಾದ, ತಿಳಿ ಹಸಿರು ನೀರು. ಇದನ್ನೇ ಲಗೂನ್ ಎನ್ನುತ್ತಾರೆ. ನೀರಾಟ ಎಲ್ಲ ಇಲ್ಲಿ. ಪೂರ್ವದ ದಡದಲ್ಲಿ ದಿಬ್ಬ ಹತ್ತಿರ, ಅಲೆ ಜೋರು, ಹವಳದ ಕಲ್ಲು ಹೆಚ್ಚು. ಅಲ್ಲಿ ಸೂರ್ಯೋದಯ ನೋಡಬಹುದು, ನೀರಿಗೆ ಇಳಿಯಬಾರದು.

ಗಂಟೆಗಂಟೆಗೆ ಕಾರ್ಯಕ್ರಮ ಹಾಕಬೇಡಿ. ಅಲ್ಲಿ ನಡೆಯುವುದು ಭರತ ಇಳಿತದ ಲೆಕ್ಕ, ನಮ್ಮ ಗಡಿಯಾರದ್ದಲ್ಲ. ನೀರು ತುಂಬಿದಾಗ ಕಯಾಕ್, ಗಾಜಿನ ತಳದ ದೋಣಿ; ಇಳಿದಾಗ ದಡದಲ್ಲಿ ನಡಿಗೆ. ಬೆಳಿಗ್ಗೆ ಹತ್ತರೊಳಗೆ ಒಂದು ಚಟುವಟಿಕೆ, ಸಂಜೆ ನಾಲ್ಕರ ಮೇಲೆ ಒಂದು, ನಡುವೆ ನೆರಳು ಮತ್ತು ನಿದ್ರೆ. ನಾವು ಮೊದಲ ದಿನವೇ ನಾಲ್ಕು ಆಟ ಆಡಿ, ಎರಡನೆಯ ದಿನ ಅರ್ಧ ತಂಡ ಬಿಸಿಲಿಗೆ ಸುಟ್ಟ ಬೆನ್ನು ಹಿಡಿದು ಮಲಗಿತ್ತು.

ಈಜು ಬಾರದವರೂ ಸ್ನಾರ್ಕ್ಲಿಂಗ್ ಮಾಡಬಹುದು: ಲೈಫ್ ಜಾಕೆಟ್, ಜೊತೆಗೆ ಮಾರ್ಗದರ್ಶಕ ಇರಬೇಕು, ಸೊಂಟಮಟ್ಟದ ನೀರಿನಲ್ಲಿ ಬಾಯಿಂದ ಉಸಿರಾಡಿ ಅಭ್ಯಾಸವಾಗಬೇಕು. ಮುಖ ಮುಳುಗಿಸಿದ ಕೂಡಲೇ ಕಾಣುವ ಮೀನು, ಹವಳ ನೋಡಿ ಜತ್ತದ ಹೈಸ್ಕೂಲ್ ಮೇಷ್ಟ್ರೊಬ್ಬರು ನೀರಿನಿಂದ ಎದ್ದು ಬರಲು ಒಪ್ಪಲಿಲ್ಲ. ಬರಗಾಲದ ಸೀಮೆಯವರು, ಇಷ್ಟು ನೀರನ್ನು ಇಷ್ಟು ಹತ್ತಿರದಿಂದ ಕಂಡದ್ದೇ ಮೊದಲು.

ಸ್ಕೂಬಾಗೆ 10 ವರ್ಷಕ್ಕಿಂತ ಚಿಕ್ಕವರನ್ನು ಕಳಿಸಬೇಡಿ. ಅಸ್ತಮಾ, ಹೃದಯ, ಕಿವಿಯ ತೊಂದರೆ ಇದ್ದರೆ ಮುಚ್ಚಿಡಬೇಡಿ. ಡೈವ್ ಮಾಡಿದ ಮೇಲೆ ಕನಿಷ್ಠ 18ರಿಂದ 24 ಗಂಟೆ ವಿಮಾನ ಹತ್ತಬಾರದು. ನೀರಿನ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮೊದಲೇ ಮೇಲಕ್ಕೆ ಹಾರಿದರೆ ಗುಳ್ಳೆಗಟ್ಟಿ ಅಪಾಯ. ಆದ್ದರಿಂದ ವಿಮಾನದಲ್ಲಿ ಮರಳುವವರು ಸ್ಕೂಬಾವನ್ನು ಮೊದಲ ದಿನಗಳಲ್ಲಿ ಮುಗಿಸಬೇಕು.

ಹವಳ ಕಲ್ಲಿನಂತೆ ಕಂಡರೂ ಜೀವಿ. ಬಗೆಗೆ ತಕ್ಕಂತೆ ವರ್ಷಕ್ಕೆ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಕೆಲವು ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಹೆಜ್ಜೆಗೆ ಮುರಿದದ್ದು ಮತ್ತೆ ಬೆಳೆಯಲು ಒಂದು ತಲೆಮಾರು ಬೇಕಾಗಬಹುದು. 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಇಲ್ಲಿಯ ಹವಳ ಬಿಳಿಚಿ ಸತ್ತಿತು. ಈ ದ್ವೀಪಗಳ ನೆಲ ಉಳಿದಿರುವುದೇ ಆ ದಿಬ್ಬದ ಆಸರೆಯಲ್ಲಿ. ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ. ಸತ್ತ ಹವಳದ ತುಂಡನ್ನೂ ಚೀಲಕ್ಕೆ ಹಾಕಬೇಡಿ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನೆನಪಿಗೆ ಬೇಕೆಂದರೆ ತೆಂಗಿನ ನೀರಾದಿಂದ ಮಾಡಿದ ಬೆಲ್ಲ ಕೊಳ್ಳಿ, ಸ್ಥಳೀಯರಿಗೂ ಎರಡು ಕಾಸು.

ಬಿಟ್ಟುಹೋಗಬೇಕಾದವು

ಮದ್ಯ ಬೇಡವೇ ಬೇಡ. ಬಂಗಾರಂ ಎಂಬ ಪ್ರವಾಸಿ ದ್ವೀಪ ಬಿಟ್ಟರೆ ನಿಷೇಧವಿದೆ, ತಪಾಸಣೆಯೂ ಇದೆ. ಅನುಮತಿ ಇಲ್ಲದೆ ಡ್ರೋನ್ ಬೇಡ. ಗಟ್ಟಿಯಾಗಿ ಹಾಡು ಹಾಕುವ ಸ್ಪೀಕರ್ ಬೇಡ. ಊರಿನೊಳಗೆ ತುಂಡು ಬಟ್ಟೆ ಬೇಡ. ದ್ವೀಪದವರು ಮುಸ್ಲಿಮರು, ಉಡುಗೆಯಲ್ಲಿ ಸಂಕೋಚದವರು. ನೀರಾಟದ ಬಟ್ಟೆ ಪ್ರವಾಸಿ ದಡಕ್ಕೇ ಮುಗಿಯಲಿ. ಹೆಂಗಸರ, ಮಕ್ಕಳ ಫೋಟೊ ತೆಗೆಯುವ ಮುನ್ನ ಕೇಳಿ.

ಅರ್ಧ ಗಂಟೆಯ ಸ್ನಾನವನ್ನೂ ಮನೆಯಲ್ಲೇ ಬಿಟ್ಟುಬನ್ನಿ. ದ್ವೀಪದ ಸಿಹಿನೀರು ಎಂದರೆ ಮಳೆನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿ ನಿಂತಿರುವುದು. ಹೆಚ್ಚು ಎಳೆದರೆ ಬಾವಿಗೆ ಉಪ್ಪು ಏರುತ್ತದೆ. ಸಮುದ್ರದ ನೀರನ್ನು ಕುಡಿಯುವ ನೀರಾಗಿಸುವ ಘಟಕ ಕವರತ್ತಿಯಲ್ಲಿ 2005ರಲ್ಲಿ ಬಂತು, ಆಮೇಲೆ ಬೇರೆ ದ್ವೀಪಗಳಲ್ಲೂ ಬಂದಿದೆ. ಆದರೂ ಕೊಡ ಹಿಡಿದು ಬೇಸಿಗೆ ಕಳೆದ ನಮ್ಮ ಸೀಮೆಯ ಜನಕ್ಕೆ ನೀರಿನ ಬೆಲೆ ಹೇಳಬೇಕಿಲ್ಲ. ಎರಡು ಬಕೆಟ್ ಸಾಕು.

ಕೊನೆಯದಾಗಿ

ಅಂದು ಕೊಚ್ಚಿಯ ಬಂದರಿನಲ್ಲಿ ಆ ಅಜ್ಜಿ ತಾವು ಕಟ್ಟಿ ತಂದಿದ್ದ ರೊಟ್ಟಿಯ ಡಬ್ಬಿಯನ್ನು ನಮ್ಮ ಕೈಗೆ ಕೊಟ್ಟು, "ನೀವರೆ ಹೋಗಿ ಬರ್ರಿ, ನಾವು ಇಲ್ಲಿಂದ್ಲೇ ಸಮುದ್ರ ನೋಡೇವಿ" ಅಂದರು. ಆ ರೊಟ್ಟಿಯನ್ನು ಕಡಮತ್‌ನ ದಡದಲ್ಲಿ ಕೂತು ತಿಂದ ನಮಗಾರಿಗೂ ಗಂಟಲಲ್ಲಿ ಸರಾಗ ಇಳಿಯಲಿಲ್ಲ. ಈ ಸಲದ ಪಟ್ಟಿಯಲ್ಲಿ ಮೊದಲ ಎರಡು ಹೆಸರು ಆ ದಂಪತಿಯದು. ಅವರ ಆಧಾರ್‌ನಲ್ಲಿ ಇರುವಂತೆಯೇ ಬರೆದು, ಮೂರು ಜನ ಓದಿ ನೋಡಿದ್ದೇವೆ.

ಹೊರಡುವ ಎರಡು ತಿಂಗಳು ಮೊದಲು ಪ್ರತಿ ಊರಿನಲ್ಲೂ ಒಂದು ಸಿದ್ಧತಾ ಸಭೆ ಇರುತ್ತದೆ. ದಿನಾಂಕವನ್ನು ಇದೇ ಪುಟದಲ್ಲಿ ತಿಳಿಸುತ್ತೇವೆ. ಬರುವಾಗ ಮೂಲ ಗುರುತಿನ ಚೀಟಿ, ಔಷಧಿಗಳ ಪಟ್ಟಿ, ಮತ್ತು ನೀವು ಒಯ್ಯಬೇಕೆಂದಿರುವ ಚೀಲವನ್ನು ತುಂಬಿಕೊಂಡೇ ತನ್ನಿ. ಸಭೆ ನಡೆಯುವುದು ಎರಡನೆಯ ಮಹಡಿಯಲ್ಲಿ. ಲಿಫ್ಟ್ ಇರುವುದಿಲ್ಲ.